ಐದು ಪಿನ್ನಿನ ಪ್ಲಗ್ಗು

ಅಕ್ಕಲಕೋಟ
೨೧ ಜೂನ್ ೧೯೯೮

ಚಿರಂಜೀವಿ ತಮ್ಮ ಯೋಗಿರಾಜನಿಗೆ ಅಣ್ಣ ದಿಗಂಬರನ ಆಶೀರ್ವಾದಗಳು.

ಹೇಗಿದ್ದೀಯೋ? ಮಳೆಗಾಲ ಬಂದರೆ ನಿನಗೆ ಉಬ್ಬಸ ಏಳುತ್ತಿತ್ತು, ನಾಂದೇಡದ ಹವೆ ಒಗ್ಗಿದೆಯೇ? ಇಲ್ಲಿ ಎಲ್ಲರೂ ಸುಖರೂಪ. ನಿನ್ನ ವೈನಿ ಮಂದಾಕಿನಿಗೆ ಮೊಣಕಾಲು ನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಎಂಟು ವರ್ಷದಲ್ಲಿ ನೀನು ಒಂದು ಕಾರ್ಡೂ ಹಾಕಿಲ್ಲ. ಸಿಟ್ಟಿನಲ್ಲಿ ನೀನು ನನಗೂ ಅಣ್ಣ, ಮಾರಾಯಾ!

ನಮ್ಮ ಸಾಲೆಯ ಆ ಎಂಟು ಕಂಪ್ಯೂಟರ್ ನೆನಪಿವೆಯೇ? ಎಂಟಕ್ಕೂ ಸೇರಿ ಫ್ಲಾಪಿ ಓದುವ ಯಂತ್ರ ಒಂದೇ. ಎಲ್ಲವನ್ನೂ ತಂತಿಯಿಂದ ಜೋಡಿಸಿದರೆ ಒಂದರಲ್ಲಿದ್ದ ಪಾಠ ಎಂಟರಲ್ಲೂ ಕಾಣುತ್ತದೆ ಎಂದು ಪುಸ್ತಕದಲ್ಲಿ ಓದಿ ಹೇಳಿದವನು ನೀನು. ಕಂಪನಿಯ ಜೋಡಣೆ ನನ್ನ ರೇಡಿಯೋ ರಿಪೇರಿ ದುಕಾನಕ್ಕೆಲ್ಲಿ ಸಿಗಬೇಕು? ಎಸ್.ಟಿ. ಬಸ್ಸು ಹಿಡಿದು ಸೋಲಾಪುರಕ್ಕೆ ಹೋಗಿ, ನವಿ ಪೇಠೆಯೆಲ್ಲ ತಿರುಗಿ, ಟೇಪ್‌ರೆಕಾರ್ಡರಿನ ಐದು ಪಿನ್ನಿನ ಪ್ಲಗ್ಗು ಎಂಟು ತಂದೆವು. ನಾಲ್ಕು ನಿನಗೆ, ನಾಲ್ಕು ನನಗೆ. ಕಾದಾಗ ಪಿನ್ನು ಅಲುಗಬಾರದೆಂದು ಒಂದೊಂದನ್ನೂ ಹಸಿ ಬಟಾಟೆಗೆ ಚುಚ್ಚಿ ನಿಲ್ಲಿಸಿ ಬೆಸುಗೆ ಹಾಕಿದೆವಲ್ಲ! "ಬಟಾಟಿ ಪಲ್ಯಾಕ ತಂದೀನೋ, ನಿಮ್ಮ ತಂತಿಗೋ?" ಅಂತ ಅವ್ವ ಬೈದು, ತೂತು ಬಿದ್ದವುಗಳನ್ನೇ ಹೆಚ್ಚಿ ಪಲ್ಯ ಮಾಡಿದ್ದಳು. ಅಷ್ಟು ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ, ಯೋಗ್ಯಾ. ತಂತಿ ಕಿತ್ತು ಬರಬಾರದೆಂದು ನೀನು ನಿನ್ನ ಪ್ಲಗ್ಗುಗಳಿಗೆ ಚಾದರದ ಕೆಂಪು ನೂಲು ಸುತ್ತಿದ್ದೆ. ಹುಡುಗಿಯ ಜಡೆ ಹೆಣೆಯುತ್ತಿದ್ದೀಯೇನೋ ಎಂದು ನಾನು ನಕ್ಕಿದ್ದೆ.

ಆಮೇಲಿನದು ನಿನಗೆ ಗೊತ್ತೇ ಇದೆ. ಸಾಲೆಯಲ್ಲಿ ಪ್ರದರ್ಶನದ ದಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಂದು ಅಕ್ಷರವೂ ಹೋಗಲಿಲ್ಲ. ಹೆಡ್‌ಮಾಸ್ತರ ಭೀಮಶಾ ಸರ್, ಸಿಪಾಯಿ ರಾಚಪ್ಪ, ಪಾಲಕರು, ಎಲ್ಲರ ಮುಂದೆ ನಾನು, "ನಿನ್ನ ಕೈಲೆ ಒಂದ ತಂತಿನೂ ನೆಟ್ಟಗ ಕೂಡಂಗಿಲ್ಲ, ನನ್ನ ದುಕಾನದಾಗ ಕಾಲಿಡಬ್ಯಾಡ" ಅಂದೆ. ನೀನು ಅಂದೇ ಸಂಜೆಯ ಗಾಡಿ ಹತ್ತಿದೆ. ಅವ್ವ ಕೊನೆಯವರೆಗೂ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ.

ಈ ವರ್ಷ ಸಾಲೆಗೆ ಹೊಸ ಕಂಪ್ಯೂಟರ್ ಬಂದಿವೆ. ಹಳೆಯವನ್ನು ಗುಜರಿಗೆ ಹಾಕುತ್ತಾರಂತೆ. "ಒಮ್ಮೆ ಬಂದು ನೋಡ್ರಿ ದಿಗಂಬರರಾವ, ಸಣ್ಣ ಮಕ್ಕಳಿಗೆ ಉಪಯೋಗ ಆದೀತು" ಎಂದರು ಭೀಮಶಾ ಸರ್. ಮೊನ್ನೆ ಹೋಗಿ ಎಂಟೂ ಪ್ಲಗ್ಗು ಬಿಚ್ಚಿ ನೋಡಿದೆ. ನೂಲು ಇನ್ನೂ ಬಿಗಿಯಾಗಿದೆ. ಈಗ ಎಂಟೂ ನಡೆಯುತ್ತಿವೆ. ಒಂದರಲ್ಲಿ ನಿನ್ನ ಹೆಸರು ಬರೆದೆ, ಉಳಿದ ಏಳರಲ್ಲೂ ಓದಲು ಬಂತು. ಹೇಗೆ ಸರಿಯಾಯಿತು ಎಂದು ಬರೆಯಲು ಕೂತರೆ ಕೈ ಓಡುತ್ತಿಲ್ಲ. ಇರಲಿ.

ಔಷಧಿ ಬಿಡಬೇಡ, ತಂಪು ಹೊತ್ತಿನಲ್ಲಿ ಕಿವಿಗೆ ಕಟ್ಟಿಕೋ. ಸ್ವಾಮಿ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಣ್ಣ,
ದಿಗಂಬರ

ತಾ.ಕ.: ಟಪಾಲು ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಪುಸ್ತಕದ ಚಿತ್ರ ಪ್ಲಗ್ಗಿನ ಮುಖದ್ದು, ನಾವು ಬೆಸೆದದ್ದು ಬೆನ್ನಿನ ಕಡೆಯಿಂದ. ಎಡಬಲ ಅದಲುಬದಲಾಗುತ್ತದೆಂದು ತಿಳಿದು ನೀನು ತಿರುಗಿಸಿ ಹಾಕಿದ್ದೆ. ನಾನು ಚಿತ್ರದಲ್ಲಿದ್ದಂತೆಯೇ ಹಾಕಿದ್ದೆ, ಎಲ್ಲ ಒಂದೇ ತಂತಿಯಲ್ಲಿದ್ದುದರಿಂದ ನನ್ನವು ನಿನ್ನವನ್ನೂ ಕೆಡಿಸಿದವು. ನಿನ್ನ ನಾಲ್ಕನ್ನು ಮುಟ್ಟಲಿಲ್ಲ, ನನ್ನ ನಾಲ್ಕನ್ನು ಕಿತ್ತು ಬೆಸೆದೆ, ಅಷ್ಟೇ. ಅಂದು ನಿಂತು ಕೇಳಿದವರಲ್ಲಿ ಊರಲ್ಲಿ ಉಳಿದವರಿಗೆಲ್ಲ ಹೇಳಿ ಬಂದಿದ್ದೇನೆ, ರಾಚಪ್ಪನ ಮನೆಗೂ ಹೋಗಿ. ನೀನೊಬ್ಬನೇ ಉಳಿದಿದ್ದೆ. ತಪ್ಪು ನನ್ನದು, ಯೋಗ್ಯಾ.