ಬಾಲ ನಿಲುಕದ ಜಾಗ

ಸಲಾಲಾ

ಅವ್ವಗ ಉಜ್ವಲಾಳ ನಮಸ್ಕಾರ.

ಈ ಪಂಚಮಿಗೆ ನನ್ನ ಕುಪ್ಪಸ ಹಳೇ ಅಳತಿಗೆ ಹೊಲಿಸಬ್ಯಾಡ. ಕ್ಯಾನ್ಸರ್ ಆಗಿತ್ತು, ಎಡಗಡೆ ಎದಿ ತಗದಾರ. ಫೋನಿನ್ಯಾಗ ಹೇಳಾಕ ಹೋದ್ರ ನೀ ಮಾತು ತಿರಗಸ್ತಿ. ಅದಕ್ಕ ಊರಿಗೆ ಹೊಂಟ ಗೆಳತಿ ಉಮಾಶ್ರೀ ಕೈಯಾಗ ಈ ಪತ್ರ ಕಳಸೀನಿ. ಅಣ್ಣನ ಕೈಲೆ ಓದಸಬ್ಯಾಡ, ನೀನ ಓದು.

ಗಾಯ ಮಾಯಾಕ ಹತ್ತೈತಿ. ಗುಳಿಗಿ ಮಾತ್ರ ವರ್ಷಗಟ್ಟಲೆ ನುಂಗಬೇಕು. ಹೆಂಗಸರ ಮೈಯಾಗಿನ ಈಸ್ಟ್ರೋಜನ್ ಅನ್ನೋ ರಸ ನನ್ನ ಗಂಟನ್ನ ಬೆಳಸ್ತಿತ್ತಂತ. ಆ ಹೆಸರು ಎಲ್ಲಿಂದ ಬಂತು ಅಂತ ಹುಡುಕಿದೆ. ಹಳೇ ಗ್ರೀಕರು ದನ ಕಡಿಯೋ ದೊಡ್ಡ ನೊಣಕ್ಕ ಓಯ್ಸ್ಟ್ರೋಸ್ ಅಂತಿದ್ರಂತ. ಅದು ಕಡಿದಾಗ ದನಕ್ಕ ಏಳೋ ಹುಚ್ಚಿಗೂ ಅದ ಹೆಸರು. ಆಮ್ಯಾಲೆ ದನ ಬೆದಿಗೆ ಬರೋದಕ್ಕ, ಕಡೀಕ ನಮ್ಮ ಮೈಯಾಗಿನ ರಸಕ್ಕ ಅದನ್ನ ಅಂಟಿಸ್ಯಾರ. ಹೆಸರಿಟ್ಟ ಪುಣ್ಯಾತ್ಮರಿಗೆ ಆಕಳೂ ಒಂದ, ನಾವೂ ಒಂದ!

ಇಲ್ಲಿ ಅರಬರ ನಾಡಿನ್ಯಾಗೂ ಮಳಿ ಹಿಡದೈತಿ. ನೊಣದ ಕಾಟಕ್ಕ ಒಂಟಿಗಳು ಗುಡ್ಡ ಇಳದು ಬಂದಾವ. ನಮ್ಮ ಕೆಂದಾಕಳ ನೆನಪಾತು. ಅದು ಒದ್ದಾಗ ನಾ ಬೈದ್ರ ನೀ ಅಂತಿದ್ದಿ, "ಬೈಬ್ಯಾಡ, ಬಾಲ ನಿಲುಕದ ಜಾಗದಾಗ ನೊಣ ಕುಂತಿರತೈತಿ. ಕೈಯಾಡಿಸಿ ನೋಡು."

ಹೋದ ಸಲ ಊರಿಗೆ ಬಂದು ನಿನಗ ಎಣ್ಣಿ ಹಚ್ಚುವಾಗ ನಿನ್ನ ಕಂಕುಳದಾಗ ನನ್ನ ಕೈಗೆ ಗಂಟು ಹತ್ತಿತ್ತು. ನೀ ಸೆರಗು ಎಳಕೊಂಡು ಎದ್ದು ಹೋದಿ.

ಕುಪ್ಪಸದ ಖಣ ಹಂಗ ಇರಲಿ. ಸೋಮವಾರ ಉಮಾಶ್ರೀ ನಿನ್ನ ದವಾಖಾನಿಗೆ ಕರಕೊಂಡು ಹೋಗ್ತಾಳ. ಅಲ್ಲಿ ಸೆರಗು ಎಳಕೋಬ್ಯಾಡವ್ವ.

ನಿನ್ನ ಮಗಳು
ಉಜ್ವಲಾ