ಅಗ್ಗದ ಸೈಕಲ್ಲಿನ ಮೇಲೆ ಒಂದು ಆರೋಪಪಟ್ಟಿ

ಲುಂಡ್
೧೪ ಏಪ್ರಿಲ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ನೀರಜಾ,

ಕೆಳಗೆ ಸಹಿ ಮಾಡಿರುವ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಧರ್ಮಪತ್ನಿಯ ಸೈಕಲ್ಲನ್ನು ಕದ್ದಿದ್ದೇನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಕದ್ದದ್ದು ನಿನ್ನೆ ಬೆಳಿಗ್ಗೆ, ತಂದಿಟ್ಟದ್ದು ಮಧ್ಯಾಹ್ನ, ಸಾಕ್ಷ್ಯನಾಶಕ್ಕಾಗಿ ಒರೆಸಿದ್ದು ಸಂಜೆ. ಬೀಗದ ಕೈಯನ್ನು ಹುಣಸೆಹಣ್ಣಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆಯಲ್ಲ, ನಾನು ಯಾವತ್ತೂ ಸಾರು ಮಾಡುವುದಿಲ್ಲವೆಂಬ ನಿನ್ನ ಅಚಲ ನಂಬಿಕೆಗೆ ನಮಸ್ಕಾರ. ನೀನು ಪ್ರಾಜೆಕ್ಟಿಗೆಂದು ನಾರ್‌ಶೋಪಿಂಗ್‌ಗೆ ಹೋದಮೇಲೆ ಸಾರು ಕಲಿತೆ. ಕಳ್ಳತನ ಸಾರಿನ ಜೊತೆಗೇ ಬಂತು.

ಇರಲಿ, ಮೊದಲು ನಿನ್ನ ಕತ್ತು ಹೇಗಿದೆ ಹೇಳು. ಆಫೀಸಿನಲ್ಲಿ ಆ ಕುರ್ಚಿ ಬದಲಾಯಿಸಿಕೊಟ್ಟರೇ, ಅಥವಾ ಅದಕ್ಕೂ ಮೂರು ಮೀಟಿಂಗ್ ಆಗಬೇಕೇ? ರಾತ್ರಿ ಬರೀ ಮೊಸರನ್ನ ತಿಂದು ಮಲಗಬೇಡ. ಅವನಿ ಚೆನ್ನಾಗಿದ್ದಾಳೆ. ಒಂದು ಹಲ್ಲು ಬಿದ್ದಿದೆ, ಆ ಕಿಂಡಿಯಿಂದ ಸ್ವೀಡಿಷ್ ಇನ್ನೂ ಸಲೀಸಾಗಿ ಬರುತ್ತಿದೆ. ನಾನು ಕನ್ನಡದಲ್ಲಿ ಬಯ್ಯುತ್ತೇನೆ, ಅವಳು ಸ್ವೀಡಿಷಿನಲ್ಲಿ ಕ್ಷಮಿಸುತ್ತಾಳೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಿಟಕಿಯಿಂದ ಕೆಳಗೆ ನಿಂತಿರುವ ನನ್ನ ಸೈಕಲ್ಲನ್ನು ನೋಡಿ ಬಂದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಮೊದಲ ವಾಕ್ಯಕ್ಕೇ ನಗಲು ಶುರುಮಾಡುತ್ತೀಯ. ಕಾಗದದ ಮೇಲಾದರೆ ನನ್ನ ವಾದ ಮುಗಿಯುವ ತನಕ ನೀನು ಬಾಯಿ ಹಾಕುವಂತಿಲ್ಲ.

ವಾದ ಇಷ್ಟೆ. ನಿನ್ನ ಆಫೀಸಿನವರು ಜೂನ್‌ನಲ್ಲಿ ಸರೋವರ ಸುತ್ತುವ ಸವಾರಿಗೆ ಹೊರಟಿದ್ದಾರೆ. ಈ ಶುಕ್ರವಾರದೊಳಗೆ ಹೆಸರು ಕೊಡಬೇಕು. ನೀನು ವೇಗದ ಗುಂಪು. ನನ್ನ ಬಗ್ಗೆ ನೀನು ಹೇಳಿದ್ದೇನು? "ಸೋಮು, ನೀನು ಅವನಿ ಜೊತೆ ಫಿನಿಶಿಂಗ್ ಹತ್ರ ನಿಂತ್ಕೊಂಡ್ಬಿಡೋ, ಪುಳಿಯೋಗರೆ ತಂದಿರು, ನಾವೆಲ್ಲ ಹಸ್ಕೊಂಡ್ ಬಂದಿರ್ತೀವಿ." ನೀನು ಅದನ್ನು ಪ್ರೀತಿಯಿಂದಲೇ ಹೇಳಿದೆ, ಅದೇ ಚುಚ್ಚಿದ್ದು. ಜನವರಿಯಿಂದ ನೀನು ಹದಿನೈದು ದಿನಕ್ಕೊಮ್ಮೆ ರೈಲಿನಿಂದ ಇಳಿಯುತ್ತೀಯ, ಮತ್ತೆ ಹತ್ತುತ್ತೀಯ. ಪ್ಲಾಟ್‌ಫಾರ್ಮಿನಲ್ಲಿ ಚೀಲ ಹಿಡಿದು ನಿಲ್ಲುವುದು ಹೇಗೂ ನನ್ನ ಕೆಲಸವಾಗಿದೆ. ಸರೋವರದ ದಡದಲ್ಲೂ ಡಬ್ಬಿ ಹಿಡಿದು ನಿಲ್ಲಬೇಕೇ? ನನಗೆ ನಿನ್ನ ಪಕ್ಕದಲ್ಲಿ ಸೈಕಲ್ ತುಳಿಯಬೇಕು, ನೀರಜಾ. ಇದರಲ್ಲಿ ತಮಾಷೆ ಏನೂ ಇಲ್ಲ.

ಆದರೆ ತುಳಿಯುವುದು ಹೇಗೆ? ನನ್ನದು ಊರು ಬಿಟ್ಟು ಹೊರಟ ವಿದ್ಯಾರ್ಥಿಯೊಬ್ಬ ಬಿಟ್ಟುಕೊಟ್ಟ ಅಗ್ಗದ ಸೈಕಲ್. ಪಿಯುಸಿಯಲ್ಲಿ ಸ್ಕೂಟಿಗೆ ಬಡ್ತಿ ಪಡೆದಮೇಲೆ ಪೆಡಲ್ ಮುಟ್ಟದವನು ನಾನು, ಹೋದ ಸೆಪ್ಟೆಂಬರಿನಲ್ಲಿ ಮತ್ತೆ ಶುರುಮಾಡಿದೆ. ನಮ್ಮ ಕಾವ್ಯಗಳಲ್ಲಿ ಮಂದಗಮನೆ ಎಂದರೆ ಹೊಗಳಿಕೆ. ಮಂದಗಮನನಾದ ಗಂಡಸನ್ನು ಯಾವ ಕವಿಯೂ ಹೊಗಳಿದ್ದು ಕಾಣೆ. ಚಳಿಗಾಲವಿಡೀ ತುಳಿದೆ ತುಳಿದೆ, ಕೊನೆಗೆ ನಾನು ತುಳಿಯುವವನೋ ತುಳಿತಕ್ಕೊಳಗಾದವನೋ ತಿಳಿಯದಾಯಿತು. ಕೆಳಮನೆಯ ಲೆನಾರ್ಟ್ ಗೊತ್ತಲ್ಲ, ನಿವೃತ್ತರಾಗಿ ಯಾವ ಕಾಲವಾಯಿತೋ, ಸೈಕಲ್ಲಿನ ಹಿಂದೆ ಗಾಡಿ ಕಟ್ಟಿ ಅದರಲ್ಲಿ ಆ ದಪ್ಪ ನಾಯಿಯನ್ನು ಕೂರಿಸಿಕೊಂಡು ಹೋಗುತ್ತಾರಲ್ಲ, ಅವರು ದಿನಾ ಬೆಳಿಗ್ಗೆ ನನ್ನನ್ನು ದಾಟಿ "ಹೇ ಹೇ" ಅನ್ನುತ್ತಾರೆ. ಅದು ಇಲ್ಲಿಯ ನಮಸ್ಕಾರವೆಂದು ಬುದ್ಧಿಗೆ ಗೊತ್ತು, ಮನಸ್ಸಿಗೆ ಗೊತ್ತಿಲ್ಲ. ನಾಯಿಯಂತೂ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಾ ಸಣ್ಣದಾಗುತ್ತಾ ಹೋಗುತ್ತದೆ.

ಸೈಕಲ್ಲಿಗೆ ನಾನು ಕಡಿಮೆ ಮಾಡಿದ್ದೇನು, ನೀನೇ ಹೇಳು. ಅಕ್ಟೋಬರಿನ ಆಯುಧಪೂಜೆಯಲ್ಲಿ ನಿನ್ನ ಸೈಕಲ್ಲಿಗೆ ನೀನು ಬರೀ ಅರಿಶಿನ ಕುಂಕುಮ ಹಚ್ಚಿ ಮುಗಿಸಿದೆ. ನಾನು ಸೂಪರ್‌ಮಾರ್ಕೆಟ್ಟಿನ ಸೇವಂತಿಗೆಯನ್ನು ಅವನಿಯ ಕೆಂಪು ಉಣ್ಣೆದಾರದಲ್ಲಿ ಕಟ್ಟಿ ಹ್ಯಾಂಡಲ್‌ನಿಂದ ಹಿಂದಿನ ಚಕ್ರದವರೆಗೆ ಮದುಮಗನ ಹಾಗೆ ಸಿಂಗರಿಸಿದೆ. ಹೂ ಬಾಡಿ ಉದುರಿದಮೇಲೆ ನೀನು "ಆ ದಾರ ಕತ್ತರಿಸೋ, ಅಸಹ್ಯವಾಗಿದೆ" ಅಂದಾಗಲೂ ನಾನು ಬಗ್ಗಲಿಲ್ಲ. ಪೂಜೆಯ ದಾರಕ್ಕೆ ಕತ್ತರಿ ಹಾಕಬಾರದು, ತಾನಾಗಿ ಬೀಳಬೇಕು. ನಮ್ಮ ಅಜ್ಜಿ ಹೇಳುತ್ತಿದ್ದದ್ದೇ ಹಾಗೆ. ಇಷ್ಟು ಭಕ್ತಿ ಮಾಡಿದರೂ ಒಲಿಯದ ಸೈಕಲ್ ಕಳಪೆ ಅಲ್ಲದೆ ಇನ್ನೇನು?

ಅದನ್ನು ಸಾಬೀತು ಮಾಡಲೆಂದೇ ಈ ಕಳ್ಳತನ. ನಿನ್ನೆ ಅವನಿ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ನಿನ್ನ ಸೈಕಲ್ ಹತ್ತಿ ಹೊಲಗಳ ನಡುವಿನ ದಾರಿಯಲ್ಲಿ ಲೊಮ್ಮಾದ ಕಡಲತೀರಕ್ಕೆ ಹೋಗಿ ಬಂದೆ. ಏನೆಂದು ವರ್ಣಿಸಲಿ. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಅದಕ್ಕೆ ಹೋಗುವ ಊರು ಮೊದಲೇ ಗೊತ್ತಿದ್ದ ಹಾಗೆ ಹೊರಟಿತು. ಗಾಳಿಯಂತ್ರಗಳು ಪಟಪಟ ಹಿಂದೆ ಸರಿದವು. ಮತ್ತೆ ಕೇಳು, ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡು ಕೇಳು: ನಾನು ಲೆನಾರ್ಟ್ ಅವರನ್ನು ಹಿಂದಿಕ್ಕಿದೆ. ನಾಯಿ, ಗಾಡಿ ಸಮೇತ. ಈ ಸಲ "ಹೇ ಹೇ" ಅಂದವನು ನಾನು. ಹಿಂದಿರುಗಿ ನೋಡಲಿಲ್ಲ, ಅಷ್ಟು ಸೌಜನ್ಯ ನನ್ನಲ್ಲಿದೆ.

ಆದ್ದರಿಂದ ತೀರ್ಪು: ಸವಾರ ನಿರ್ದೋಷಿ, ಸೈಕಲ್ ಅಪರಾಧಿ. "ಸೈಕಲ್ ಏನ್ ಮಾಡತ್ತೋ ಪಾಪ, ಮೇಲೆ ಕೂತಿರೋನ್ ನೋಡು" ಎಂದು ನೀನು ಚಳಿಗಾಲವಿಡೀ ಹೇಳಿದ್ದನ್ನು ಲಿಖಿತವಾಗಿ ವಾಪಸು ತೆಗೆದುಕೊಳ್ಳತಕ್ಕದ್ದು. ಹಳೆಯದನ್ನು ಯಾರಿಗಾದರೂ ದಾಟಿಸಿ ಒಳ್ಳೆಯದೊಂದನ್ನು ಕೊಳ್ಳುತ್ತೇನೆ. ಶುಕ್ರವಾರದೊಳಗೆ ನನ್ನ ಹೆಸರನ್ನೂ ವೇಗದ ಗುಂಪಿನಲ್ಲಿ, ನಿನ್ನ ಹೆಸರಿನ ಪಕ್ಕದಲ್ಲೇ, ಬರೆಸು. ಪುಳಿಯೋಗರೆಯನ್ನು ಬೇರೆ ಯಾರಾದರೂ ಹೊರಲಿ.

ಕತ್ತಿಗೆ ಬಿಸಿ ಶಾಖ ಕೊಟ್ಟುಕೋ. ಅವನಿ ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ನಿನಗೆ ತೋರಿಸಲೆಂದು ಇಟ್ಟಿದ್ದಾಳೆ, ಬೇಗ ಬಾ. ಮುಂದಿನ ಸಲ ಬಂದಾಗ ಸಾರಿನ ರುಚಿಯನ್ನೂ ನೋಡುವಿಯಂತೆ.

ನಿನ್ನ,
ವಾಯುವೇಗದ
ಸೋಮಶೇಖರ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಹಳೆಯ ಸೈಕಲ್ಲಿನ ಫೋಟೋ ತೆಗೆದು ಮಾರಾಟಕ್ಕೆ ಹಾಕೋಣವೆಂದು ಕೆಳಗೆ ಹೋಗಿ ಅದನ್ನು ತಲೆಕೆಳಗಾಗಿ ನಿಲ್ಲಿಸಿದೆ. ಅವನಿ ಎರಡೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ, "ಪಪ್ಪಾ, ಮುಂದಿನ ಚಕ್ರ ಖುಷಿಯಾಗಿದೆ, ಹಿಂದಿನದು ಸೂರ್" ಅಂದಳು. ಸೂರ್ ಎಂದರೆ ಇವರಲ್ಲಿ ಮುಖ ಊದಿಸಿಕೊಂಡಿರುವುದು. ನಿಜ, ಹಿಂದಿನದು ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು. ಬಗ್ಗಿ ನೋಡಿದರೆ ನನ್ನ ಪೂಜೆಯ ದಾರ. ಹಿಂದಿನ ಬ್ರೇಕಿನ ಎರಡು ತೋಳುಗಳನ್ನೂ ಸೇರಿಸಿ ನಾನೇ ಭಕ್ತಿಯಿಂದ ಸುತ್ತಿ ಗಂಟು ಹಾಕಿದ್ದೆ. ಮಳೆಗೆ ನೆನೆದು ಒಣಗಿ ಅದು ಬಿಗಿದುಕೊಂಡಿದೆ. ಅಕ್ಟೋಬರಿನಿಂದ ನಾನು ಬ್ರೇಕ್ ಹಾಕಿಕೊಂಡೇ ಸೈಕಲ್ ತುಳಿಯುತ್ತಿದ್ದೇನೆ. ಅಗ್ಗದ ಸೈಕಲ್ ಅಲ್ಲ ಕಣೇ, ಹಗ್ಗದ ಸೈಕಲ್. ಅಜ್ಜಿಯ ಕ್ಷಮೆ ಕೇಳಿ ಕತ್ತರಿಸಿದೆ. ಚಕ್ರ ತಿರುಗಿತು ನೋಡು, ಅವನಿ ನೋಡುತ್ತಲೇ ಕೂತಳು.

ಕೂಡಲೇ ಹತ್ತಿ ಒಂದು ಸುತ್ತು ಹೋಗಿ ಬಂದೆ. ಹಗುರವಾಗಿದೆ, ಚೆನ್ನಾಗಿ ಓಡುತ್ತದೆ, ನಿನ್ನದಕ್ಕಿಂತ ಏನೂ ಕಡಿಮೆಯಿಲ್ಲ. ಆದರೂ ಲೆನಾರ್ಟ್ ಹಿಂದಿನಿಂದ ಬಂದು "ಹೇ ಹೇ" ಎಂದು ದಾಟಿ ಹೋದರು. ನಾಯಿ ನಿದ್ದೆ ಮಾಡುತ್ತಿತ್ತು. ಹಾಗಾಗಿ ಹೊಸ ಸೈಕಲ್ ಬೇಡ. ನನ್ನ ಹೆಸರನ್ನು ನಿಧಾನದ ಗುಂಪಿನಲ್ಲಿ ಬರೆಸು, ಆದರೆ ಬರೆಸು. ನಿನ್ನ ಹೆಸರನ್ನೂ ಅಲ್ಲಿಗೇ ಇಳಿಸಿಕೊಂಡರೆ ನಾನಂತೂ ಬೇಡ ಅನ್ನುವುದಿಲ್ಲ. ಹಾಗಾದರೆ ಪುಳಿಯೋಗರೆ ನನ್ನ ಬೆನ್ನ ಮೇಲೇ ಬರುತ್ತದೆ, ಬೇಕಾದಲ್ಲಿ ನಿಲ್ಲಿಸಿ ತಿನ್ನಬಹುದು.

ಇನ್ನೊಂದು ವಿಷಯ. ನಿನ್ನೆ ನಾನು ಲೆನಾರ್ಟ್ ಅವರನ್ನು ಹಿಂದಿಕ್ಕಿದ್ದು ಸುಳ್ಳಲ್ಲ. ಆಗ ಅವರು ದಾರಿಬದಿಯ ಬೆಂಚಿನ ಮೇಲೆ ನಾಯಿಯ ಪಕ್ಕ ಕೂತು ಬನ್ ತಿನ್ನುತ್ತಿದ್ದರು.