ಟೈಲರಮ್ಮನ ಹೂಂ

ಫೆಬ್ರವರಿ 2, ಗುರುವಾರ. ಸಂಜೆ

ಹನ್ನೊಂದರ ಸಭೆ ಎಂದಿನಂತೆ ಹನ್ನೆರಡಕ್ಕೆ ಶುರು. ಅಷ್ಟು ಹೊತ್ತಿಗೆ ಎರಡು ಶರಟಿಗೆ ಕಾಜ ಹೊಲಿದು ಮುಗಿಸಬಹುದಿತ್ತು. ಪುರಸಭೆಗೆ ಗೆದ್ದು ಬಂದ ಮೇಲೆ ನನಗಿಂತ ನನ್ನ ಮಷೀನಿಗೇ ರಜೆ ಜಾಸ್ತಿ.

ಚರಂಡಿ ಹೂಳು — ಹೂಂ. ದಾರಿದೀಪ — ಹೂಂ. ಬಸ್ ನಿಲ್ದಾಣದ ಶೌಚಾಲಯದ ಚಿಲಕ — ಅದಕ್ಕೂ ಅರ್ಧ ಗಂಟೆ ಚರ್ಚೆ, ಆಮೇಲೆ ಹೂಂ. ನಮ್ಮಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ಅಧ್ಯಕ್ಷರು ಒಬ್ಬೊಬ್ಬರ ಮುಖ ನೋಡುತ್ತಾರೆ. ಹೂಂ ಅಂದರೆ ಪರ, ಊಹೂಂ ಅಂದರೆ ವಿರೋಧ. ಮುಖ್ಯಾಧಿಕಾರಿ ಗೀಟು ಹಾಕಿಕೊಳ್ಳುತ್ತಾರೆ. ಯಾವ ಕಾಲದಿಂದ ನಡೆದು ಬಂದಿದೆಯೋ, ಬದಲಾಯಿಸುವ ಗೋಜಿಗೆ ಯಾರೂ ಹೋಗಿಲ್ಲ.

ವಿಷಯ ಏಳಕ್ಕೆ ನನ್ನನ್ನು ಹೊರಗೆ ಕಳಿಸಿದರು. ಇವರನ್ನು ಕಾಯಂ ಮಾಡುವ ವಿಷಯ. ಗಂಡನ ವಿಷಯ ಬಂದಾಗ ಹೆಂಡತಿ ಕೂರುವ ಹಾಗಿಲ್ಲ. ಪಂಪ್‌ಹೌಸಿನ ಮೋಟಾರು ಹಾಕಿ, ವಾಲ್ವ್ ತಿರುಗಿಸಿ ಊರಿಗೆಲ್ಲ ನೀರು ಬಿಡುವವರು ಇವರು. ಮದುವೆಯಾದಾಗಲೂ ಹಂಗಾಮಿ, ಮಗಳು ಕಾಲೇಜು ಸೇರಿದಾಗಲೂ ಹಂಗಾಮಿ. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದೆ. ಒಳಗಿಂದ ಸಾಲಾಗಿ ಹೂಂ, ಹೂಂ, ಹೂಂ... ಒಂದೂ ಊಹೂಂ ಇಲ್ಲ. ಕಣ್ಣು ತುಂಬಿ ಬಂತು. ಸೆರಗೂ ಸಿಗಲಿಲ್ಲ, ಕೊರಳಲ್ಲಿದ್ದ ಅಳತೆ ಟೇಪಿನಲ್ಲೇ ಒರೆಸಿಕೊಂಡೆ.

ಮತ್ತೆ ಒಳಗೆ ಕರೆದರು. ಎಂಟನೆಯದು ಬಿರುಕು ಬಿಟ್ಟು ಖಾಲಿ ನಿಂತಿರುವ ನೀರಿನ ಟ್ಯಾಂಕು. ಅಧ್ಯಕ್ಷರು ನನ್ನ ಕಡೆಯೇ ತಿರುಗಿ ಏನೇನೋ ವಿವರಿಸುತ್ತಿದ್ದರು. ನನ್ನ ತಲೆಯೆಲ್ಲ ವರಾಂಡದಲ್ಲೇ ಉಳಿದಿತ್ತು. ‘ಪಾಸ್’ ಅಂದರು, ಎದ್ದೆವು.

ಇವರಿಗೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಸುಮ್ಮನೆ ಎದ್ದು ಹೋಗಿ ಸೈಕಲ್ ತೊಳೆಯತೊಡಗಿದರು. ಖುಷಿಯಾದರೆ ಹಾಗೇ, ಏನಾದರೂ ತೊಳೆಯುತ್ತಾರೆ.

ಫೆಬ್ರವರಿ 3, ಶುಕ್ರವಾರ

ಬೆಳಿಗ್ಗೆ ಅಂಗಡಿಗೆ ಮೇಷ್ಟ್ರು ಬಂದರು. ನಿವೃತ್ತರು, ನನ್ನ ಪಕ್ಕದ ವಾರ್ಡಿನ ಸದಸ್ಯರು. ಪ್ಯಾಂಟು ಗಿಡ್ಡ ಮಾಡಿಸಲು ಬಂದಿರಬೇಕು ಅಂದುಕೊಂಡೆ. ನಿಂತಲ್ಲೇ ಗುಡುಗಿದರು.

“ಏನಮ್ಮಾ, ನೀವೂ ಕೋಲೆಬಸವ ಆಗ್ಬಿಟ್ರಾ? ಅಲ್ಲಿ ಸಮ ಸಮ ಇತ್ತು. ನಿಮ್ಮ ಹೂಂ ಒಂದರಿಂದ ಟ್ಯಾಂಕು ಪಾಸಾಯ್ತು!”

“ಯಾವ ಹೂಂ ಮೇಷ್ಟ್ರೇ?”

“ಯಾವ ಹೂಂ! ಅಧ್ಯಕ್ಷರು ‘ಬಿರುಕಿಗೆ ಸಿಮೆಂಟ್ ಬಳಿದು ತುಂಬಿಸೋಣ, ಪರೀಕ್ಷೆ ಗಿರೀಕ್ಷೆ ಅಂತ ಕೂತ್ರೆ ಇನ್ನೂ ಆರು ತಿಂಗಳು, ಏನಂತೀರಾ’ ಅಂದ್ರು. ನೀವು ಗಂಭೀರವಾಗಿ ಹೂಂ ಅಂದ್ರಿ. ನಾನೇ ಕಿವಿಯಾರೆ ಕೇಳಿದೀನಿ.”

ಅಂದಿದ್ದೇನೆ. ಖಂಡಿತ ಅಂದಿದ್ದೇನೆ. ಆದರೆ ಅದು ಒಪ್ಪಿದ ಹೂಂ ಅಲ್ಲ, ಕೇಳಿಸಿಕೊಳ್ಳುವ ಹೂಂ! ಇಪ್ಪತ್ತು ವರ್ಷದಿಂದ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆದವಳು ನಾನು. ಗಿರಾಕಿ ತನ್ನ ಅತ್ತೆಯ ಕಥೆ ಹೇಳಲಿ, ಸೊಸೆಯ ಕಥೆ ಹೇಳಲಿ, ತುಟಿ ಬಿಚ್ಚದೆ ಹೂಂಗುಟ್ಟಬೇಕು. ಬಿಚ್ಚಿದರೆ ಸೂಜಿ ನೆಲಕ್ಕೆ. ಈಗ ಸೂಜಿ ಇಲ್ಲದಾಗಲೂ ಅದೇ ಆಗಿಬಿಟ್ಟಿದೆ. ಯಾರಾದರೂ ನನ್ನ ಮುಖ ನೋಡಿ ಮಾತಾಡಿದರೆ ಸಾಕು, ಹೂಂ.

ಮೇಷ್ಟ್ರಿಗೆ ಹೇಳಿದೆ. ನಗಲಿಲ್ಲ. “ಆ ಟ್ಯಾಂಕಿನ ಕೆಳಗೆ ಶಿಶುವಿಹಾರ ಇದೆಯಮ್ಮ,” ಅಂದರು. ನನಗೆ ಗೊತ್ತಿಲ್ಲವೇ! ಅಲ್ಲಿ ಟೀಚರ್ ಆಗಿರುವುದು ನನ್ನ ಸ್ವಂತ ತಂಗಿ.

ಫೆಬ್ರವರಿ 7, ಮಂಗಳವಾರ

ಮುಖ್ಯಾಧಿಕಾರಿಯ ಕೋಣೆಗೆ ಹೋದೆ. ಫ್ಯಾನಿನ ಕೆಳಗೆ ಕೂತು ಕಿವಿ ಕೆರೆದುಕೊಳ್ಳುತ್ತಿದ್ದರು. ಹೂಂ ವಾಪಸ್ ತೆಗೆದುಕೊಳ್ಳಬೇಕು ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

“ಹಾಗೆ ವಾಪಸ್ ಕೊಡೋಕಾಗಲ್ಲ ಮೇಡಂ. ಮುಂದಿನ ಸಭೇಲಿ ಮೊದಲು ಹಿಂದಿನ ನಡಾವಳಿ ಓದ್ತೀವಲ್ಲ, ಆವಾಗ ತಪ್ಪಿದೆ ಅಂತ ಹೇಳಿ. ಅದು ದೃಢ ಆಗೋವರೆಗೂ ಯಾವುದೂ ಜಾರಿ ಆಗಲ್ಲ.”

“ಯಾವುದೂ ಅಂದ್ರೆ?”

“ಟ್ಯಾಂಕೂ ಇಲ್ಲ. ನಿಮ್ಮ ಯಜಮಾನ್ರ ಆರ್ಡರೂ ಇಲ್ಲ.”

ಹೊರಗೆ ಬರುವಾಗ ಅಧ್ಯಕ್ಷರು ಎದುರಾದರು. ಸುದ್ದಿ ನನಗಿಂತ ಮೊದಲೇ ಅವರನ್ನು ಮುಟ್ಟಿತ್ತು. ಮಾತಿನಲ್ಲಿ ಬೆಣ್ಣೆಯೋ ಬೆಣ್ಣೆ.

“ಟೈಲರಮ್ಮ, ನಿಮಗೆ ನಾನು ಹೇಳಿಕೊಡಬೇಕಾ? ನಡಾವಳಿ ಒಂದೇ ಬಟ್ಟೆ. ನಿಮಗೆ ಬೇಡದ ಕಡೆ ಒಂದು ನೂಲು ಎಳೆದ್ರೆ ಬೇಕಾದ ಕಡೆ ಹೊಲಿಗೆ ಬಿಚ್ಚಿಕೊಳ್ಳುತ್ತೆ. ಊರಿಗೂ ನೀರು ಬೇಕು. ನಿಮ್ಮ ವಾರ್ಡೇ ತಾನೇ ಜಾಸ್ತಿ ಕೂಗ್ತಿರೋದು?”

ಕೇಳಿಸಿಕೊಳ್ಳುತ್ತ ನಿಂತಿದ್ದೆ. ಏನಂದೆ ಅಂತ ದಾರಿಯಲ್ಲಿ ಬರುವಾಗ ಹೊಳೆಯಿತು. ಹೂಂ ಅಂದಿದ್ದೆ! ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಫೆಬ್ರವರಿ 12, ಭಾನುವಾರ

ಇವರಿಗೆ ಇನ್ನೂ ಹೇಳಿಲ್ಲ. ಹೇಳಬೇಕು ಅಂತ ಎರಡು ಸಲ ಪಕ್ಕದಲ್ಲಿ ಹೋಗಿ ಕೂತೆ. ಕಾಯಂ ಆದರೆ ಅದು ಮಾಡೋಣ, ಇದು ಮಾಡೋಣ ಅಂತ ಅವರೇ ಮಾತು ತೆಗೆದರು. ಇಷ್ಟು ಮಾತಾಡುವ ಮನುಷ್ಯ ಅಂತ ನನಗೇ ಗೊತ್ತಿರಲಿಲ್ಲ.

ಕೊನೆಗೆ ಟ್ಯಾಂಕಿನ ಮಾತು ನಾನೇ ತೆಗೆದೆ. ಬಿರುಕು ಹೇಗಿದೆ ಅಂತ ಕೇಳಿದೆ.

“ಹೋದ ವರ್ಷ ಎಂಜಿನಿಯರಮ್ಮ ಬಂದು ಬಿರುಕಿನ ಮೇಲೆ ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ರಲ್ಲ. ಬಿರುಕು ಅಲುಗಾಡ್ತಿದ್ರೆ ಗಾಜು ಒಡೆಯುತ್ತೆ, ಇಲ್ಲಾಂದ್ರೆ ಹಾಗೇ ಇರುತ್ತೆ ಅಂದಿದ್ರು.”

“ಹೇಗಿದೆ ಈಗ?”

“ಒಡೆದಿದೆ. ಟ್ಯಾಂಕು ಖಾಲಿ ಇದ್ದಾಗಲೇ ಒಡೆದಿದೆ.”

“ಯಾರಿಗೆ ಹೇಳಿದ್ರಿ?”

“ಅಧ್ಯಕ್ಷರಿಗೆ. ಹಕ್ಕಿ ಕುಕ್ಕಿರಬೇಕು ಬಿಡು ಅಂದ್ರು.”

“ನೀವೇನಂದ್ರಿ?”

ಮುಖ ಆಚೆ ತಿರುಗಿಸಿಕೊಂಡರು. ಅವರೂ ಹೂಂ ಅಂದಿರಬೇಕು. ನಮ್ಮ ಮನೆಗೆ ಹೂಂ ದೆವ್ವ ಹಿಡಿದಿದೆ.

ಫೆಬ್ರವರಿ 24, ಶುಕ್ರವಾರ

ಬರೆಯಲು ಆಗಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಟ್ಯಾಂಕಿಗೆ ಸಿಮೆಂಟು ಬಳಿದಾಯಿತು. ದೃಢೀಕರಣಕ್ಕೂ ಕಾಯಲಿಲ್ಲ. ‘ಬರೀ ಪ್ಲಾಸ್ಟರು, ನೀರು ತುಂಬಿಲ್ಲವಲ್ಲ’ ಅಂತ ಸಮಜಾಯಿಷಿ. ಹೊರಗಿನಿಂದ ನೋಡಿದರೆ ಹೊಸದರ ಹಾಗಿದೆ. ಹರಿದ ಕಡೆ ಇಸ್ತ್ರಿ ಮಾಡಿದಂತೆ. ಗಾಜಿನ ಪಟ್ಟಿ ಸಿಮೆಂಟಿನ ಒಳಗೆ ಹೋಯಿತು.

ಅಂಗಡಿಯಲ್ಲಿ ಹೆಂಗಸರದು ಒಂದೇ ರಾಗ. ಕೊಡ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ನೀವು ತಕರಾರು ತೆಗೀತಿದೀರಂತೆ, ಹೌದಾ? ಹಾಲಿನ ಅಂಗಡಿಯವಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು, “ಗಂಡ ನೀರು ಬಿಡ್ತಾನೆ, ಹೆಂಡತಿ ನಿಲ್ಲಿಸ್ತಾಳೆ. ಚೆನ್ನಾಗಿದೆ ನಿಮ್ಮ ಸಂಸಾರ.” ಅವಳ ಸೊಂಟ ನೋವು ಸುಳ್ಳಲ್ಲ.

ಮಧ್ಯಾಹ್ನ ಶಿಶುವಿಹಾರಕ್ಕೆ ಹೋದೆ. ಮಕ್ಕಳು ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ತಂಗಿ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದಳು, “ಅಕ್ಕಾ, ಬೇರೆ ಕಡೆ ಜಾಗ ಕೊಡಿ ಅಂತ ಅರ್ಜಿ ಹಾಕಿ ಹಾಕಿ ಸಾಕಾಯ್ತು. ತುಂಬಿಸ್ತಾರಾ ಅದನ್ನ?”

ಊಹೂಂ ಅಂದೆ. ಜೋರಾಗೇ ಅಂದೆ. ಒಂದು ಮಗು ಎಚ್ಚರವಾಗಿ ಅತ್ತಿತು.

ಮಾರ್ಚ್ 1, ಬುಧವಾರ

ನಾಳೆ ಸಭೆ. ಇವರಿಗೆ ಇವತ್ತು ಹೇಳಿದೆ. ಎಲ್ಲ. ನನ್ನ ಹೂಂ, ನಡಾವಳಿ, ನೂಲು, ಹೊಲಿಗೆ.

ತಟ್ಟೆ ತೊಳೆದಿಟ್ಟು ಹೊರಗೆ ಹೋದರು. ಖುಷಿಗೆ ತೊಳೆದದ್ದಲ್ಲ ಅದು.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಬೇಡ. ಬೇಡ. ಬಾಯಿ ತೆರೆಯಬೇಕು, ಹಲ್ಲು ಕಾಣಬೇಕು. ಹೂಂ, ಊಹೂಂ ಎರಡಕ್ಕೂ ತುಟಿ ಬಿಚ್ಚಬೇಕಾಗಿಲ್ಲ, ಅದೇ ಅವುಗಳ ಮೋಸ. ಗದ್ದಲದಲ್ಲಿ ಮೊದಲ ಅಕ್ಷರ ನುಂಗಿಹೋದರೆ ಎರಡೂ ಒಂದೇ.

ಭಯವಾಗುತ್ತಿದೆ. ಅಧ್ಯಕ್ಷರದ್ದಲ್ಲ. ಇವರ ಮುಖದ್ದು.

ಮಾರ್ಚ್ 2, ಗುರುವಾರ. ಮಧ್ಯಾಹ್ನ ಮೂರು

ಅಕ್ಷರ ನೆಟ್ಟಗಿಲ್ಲ. ಇರಲಿ.

ಮುಖ್ಯಾಧಿಕಾರಿ ಹಿಂದಿನ ನಡಾವಳಿಯನ್ನು ಒಂದೇ ಉಸಿರಿನಲ್ಲಿ ಓದಿದರು. ಏಳು, ಎಂಟು ಎಲ್ಲ ಒಟ್ಟಿಗೆ ಹರಿದುಹೋಯಿತು. “ದೃಢೀಕರಿಸೋಣವಾ?” ಅಂತ ಅಧ್ಯಕ್ಷರು ಸಾಲಾಗಿ ನೋಡುತ್ತ ಬಂದರು. ಹೂಂ. ಹೂಂ. ಮೇಷ್ಟ್ರು ಊಹೂಂ. ಹೂಂ. ನನ್ನ ಸರದಿ. ಇಷ್ಟು ಅಭ್ಯಾಸ ಮಾಡಿದ್ದರೂ ತುಟಿ ಬಿಡಲಿಲ್ಲ. “ಊ...” ಅಂತ ಏನೋ ಹೊರಟಿತು.

“ಹೂಂ, ಮುಂದೆ,” ಅಂದರು ಅಧ್ಯಕ್ಷರು.

ಎದ್ದು ನಿಂತುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು. “ಹೂಂ ಅಲ್ಲ ಸಾರ್! ಬೇಡ! ಹೋದ ಸಲಾನೂ ನಾನು ಕೇಳಿಸ್ಕೊಂಡಿದ್ದು, ಒಪ್ಪಿದ್ದಲ್ಲ. ಒಡೆದ ಗಾಜಿನ ಮೇಲೆ ಸಿಮೆಂಟ್ ಬಳಿಸಿದೀರ. ಎಂಜಿನಿಯರಮ್ಮನ ಕರೆಸಿ, ಪರೀಕ್ಷೆ ಆಗಲಿ. ಅಲ್ಲೀವರೆಗೂ ಬೇಡ. ಬಾಯಿ ಬಿಟ್ಟು ಹೇಳ್ತಿದೀನಿ, ಬೇಡ. ಬೇಡ ಅಂತಾನೇ ಬರೀರಿ.”

ಆಮೇಲೆ ಮೇಷ್ಟ್ರು ಮೇಜು ಕುಟ್ಟಿದರು. ಹೂಂ ಅಂದಿದ್ದ ದರ್ಜಿ ಬೀದಿಯ ಸದಸ್ಯರು ಕೆಮ್ಮಿ, “ನಂದೂ ಬೇಡ ಅಂತಾನೇ ಬರ್ಕೊಳ್ಳಿ,” ಅಂದರು. ಅಷ್ಟೇ. ನಡಾವಳಿ ದೃಢವಾಗಲಿಲ್ಲ. ಅಧ್ಯಕ್ಷರು ನನ್ನನ್ನೇ ದಿಟ್ಟಿಸಿ ಶಾಂತವಾಗಿ ಹೇಳಿದರು, “ಸರಿ. ಹಾಗಾದ್ರೆ ಏಳೂ ಇಲ್ಲ, ಎಂಟೂ ಇಲ್ಲ.”

ಗೆದ್ದೆ ಅಂದುಕೊಂಡು ಹೊರಗೆ ಬಂದೆ. ವರಾಂಡದಲ್ಲಿ ಅದೇ ಕಂಬದ ಹತ್ತಿರ ಇವರು ನಿಂತಿದ್ದರು. ಆರ್ಡರ್ ತೆಗೆದುಕೊಳ್ಳಲು ಯಾರೋ ಬರಹೇಳಿದ್ದರಂತೆ. ನಾನು ಹೊಲಿದುಕೊಟ್ಟ ಬಿಳಿ ಶರಟು. ಇಸ್ತ್ರಿ ಮಾಡಿದ್ದು. ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದರು. ಒಳಗಿನದೆಲ್ಲ ಕೇಳಿಸಿಕೊಂಡಿದ್ದಾರೆ.

ನನ್ನನ್ನು ನೋಡಿ ಮೇಲಿನ ಗುಂಡಿ ಬಿಚ್ಚಿದರು. ಸೈಕಲ್ ಹತ್ತಿ ಹೋದರು.

ಮಾರ್ಚ್ 3, ಶುಕ್ರವಾರ. ಸಂಜೆ

ಮನೆಯಲ್ಲಿ ಮಾತಿಲ್ಲ. ಬಡಿಸಿದರೆ ಉಣ್ಣುತ್ತಾರೆ, ಕೇಳಿದರೆ ತಲೆಯಾಡಿಸುತ್ತಾರೆ. ಬೈದಿದ್ದರೆ ಎಷ್ಟೋ ವಾಸಿ. ಒಂದು ಪ್ಯಾಂಟಿಗೆ ಎರಡೂ ಎಡಗಾಲು ಕತ್ತರಿಸಿಟ್ಟೆ.

ಈಗ ತಾನೇ ಅಧ್ಯಕ್ಷರ ಫೋನು, ಇವರಿಗೆ. ಮೊಬೈಲು ಅಷ್ಟು ಜೋರು, ಗೋಡೆಗೂ ಕೇಳಿಸುತ್ತದೆ.

“ಪರೀಕ್ಷೆ ಬೇಕು ಅಂದ್ರಲ್ಲ ನಿನ್ನ ಮನೆಯವರು, ಮಾಡೇಬಿಡೋಣ. ಬೆಳಿಗ್ಗೆ ಆರಕ್ಕೆ ಮೋಟಾರ್ ಹಾಕು. ತುಂಬ್ಸು. ನಿಂತ್ರೆ ನಿಂತಂಗೆ, ಅದೇ ಪರೀಕ್ಷೆ. ಇದಕ್ಕೆ ನಡಾವಳಿ ಬೇಕಾಗಿಲ್ಲ, ನನ್ನ ಮಾತು ಸಾಕು. ನಿನ್ನ ಆರ್ಡರ್ ಮೇಜಿನ ಮೇಲೇ ಇದೆ. ಹರಿದು ಹಾಕಿಲ್ಲ ಇನ್ನೂ.”

ಇವರು, “ಹೂಂ ಸಾರ್.”

ಫೋನಿಟ್ಟ ಮೇಲೆ ಎದುರು ಹೋಗಿ ನಿಂತೆ. “ರೀ, ಬೇಡ. ನಾಳೆ ಶನಿವಾರ, ಮಕ್ಕಳು ಬೇಗ ಬರ್ತಾರೆ. ತುಂಬಿಸಿದ ಮೇಲೆ ಟ್ಯಾಂಕ್ ಹತ್ತಿ ನೋಡೋರು ನೀವೇ. ನಂಗೆ ನಿಮ್ಮ ಕಾಯಂಗಿಂತ ನೀವು ಬೇಕು.”

ಮದುವೆಯಾದಾಗಿನಿಂದ ಇಂಥ ಮಾತು ಆಡಿದವಳಲ್ಲ ನಾನು. ಆಡಿಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅಂದರು — “ಹೂಂ.”

ಯಾವ ಹೂಂ? ಒಪ್ಪಿದ್ದೋ, ಬರೀ ಕೇಳಿಸಿಕೊಂಡದ್ದೋ? ಕೇಳಲು ಧೈರ್ಯ ಬರಲಿಲ್ಲ. ಈಗ ಗೊತ್ತಾಯಿತು, ನನ್ನೆದುರು ನಿಂತವರ ಪಾಡು.

ಮಾರ್ಚ್ 4, ಶನಿವಾರ. ಬೆಳಿಗ್ಗೆ

ಐದೂವರೆಗೇ ಹೋದರು. ಪಂಪ್‌ಹೌಸಿನ ಬೀಗದ ಕೈ ಗೂಟದಲ್ಲಿಲ್ಲ.

ಓಡಿಹೋಗಿ ತಡೆಯಬೇಕು ಅನ್ನಿಸಿತು. ಚಪ್ಪಲಿ ಮೆಟ್ಟಿದವಳು ಮತ್ತೆ ಬಿಟ್ಟೆ. ಹೇಳುವುದನ್ನು ಬಾಯಿ ಬಿಟ್ಟು ಹೇಳಿದ್ದೇನೆ. ಇನ್ನು ಅವರದು. ತಂಗಿಗೆ ಮಾತ್ರ ಫೋನು ಮಾಡಿದೆ, ಮಕ್ಕಳನ್ನು ಗೇಟಿನ ಆಚೆಯೇ ನಿಲ್ಲಿಸಿಕೋ ಅಂತ.

ಆರು ಗಂಟೆ. ಮೋಟಾರು ಶುರುವಾದರೆ ನಮ್ಮ ಮನೆಯ ಕಿಟಕಿ ಗಡಗಡ ಅನ್ನುತ್ತದೆ. ಕಿಟಕಿಗೇ ಅಂಗೈ ಒತ್ತಿ ನಿಂತಿದ್ದೆ. ಏನಿಲ್ಲ.

ಆರೂಕಾಲು. ಏನಿಲ್ಲ. ಕರೆಂಟು ಹೋಗಿದೆಯಾ ಅಂತ ಸ್ವಿಚ್ಚು ಒತ್ತಿದೆ. ದೀಪ ಹತ್ತಿತು.

ಅಧ್ಯಕ್ಷರ ಫೋನು, ಈ ಸಲ ನನಗೆ. “ಏನಮ್ಮಾ, ನಿನ್ನ ಗಂಡ ಫೋನ್ ಎತ್ತುತ್ತಿಲ್ಲ! ಪಂಪ್‌ಹೌಸ್‌ಗೆ ಬೀಗ ಹಾಕಿದೆಯಂತೆ. ಬೀಗದ ಕೈ ಯಾರ ಹತ್ರ ಇದೆ? ಎಂಜಿನಿಯರಮ್ಮನಿಗೆ ಯಾರು ಫೋನ್ ಮಾಡಿದ್ದು? ಎಂಟು ಗಂಟೆಗೆ ಬರ್ತಾರಂತೆ! ಇದೆಲ್ಲ ಯಾರ ಕೆಲಸ? ಕೇಳಿಸ್ತಿದೆಯಾ?”

ಕೇಳಿಸುತ್ತಿತ್ತು. ಚೆನ್ನಾಗಿ ಕೇಳಿಸುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೂಂಗುಟ್ಟಲಿಲ್ಲ. ಫೋನು ಇಟ್ಟೆ.

ಅಂಗಳದಲ್ಲಿ ನೀರಿನ ಸದ್ದು. ಇಣುಕಿ ನೋಡಿದೆ. ಬೀಗದ ಕೈ ಕಿರುಬೆರಳಿಗೆ ಸಿಕ್ಕಿಸಿಕೊಂಡು, ಇದ್ದ ಒಂದೇ ಕೊಡ ನೀರಿನಲ್ಲಿ ಸೈಕಲ್ ತೊಳೆಯುತ್ತಿದ್ದಾರೆ ಮಹಾರಾಯರು! ಊರಿಗೆ ನೀರಿಲ್ಲ, ಇವರಿಗೆ... ಬೈಯಬೇಕು. ಕಣ್ಣು ಮಂಜಾಗಿ ಸಾಲು ಕಾಣುತ್ತಿಲ್ಲ.

“ಏಯ್, ಒಂದು ಹಳೇ ಬಟ್ಟೆ ತಗೊಂಡ್ ಬಾ, ಒರೆಸ್ಬೇಕು,” ಅಂತ ಕೂಗುತ್ತಿದ್ದಾರೆ.

ಹೂಂ, ಬಂ—